ಬಿಕ್ಕಳಿಕೆ ಬಾರದವಳು

ಬೇರೆ ಊರುಗಳಲ್ಲಿ ಬಿಕ್ಕಳಿಕೆ ಬಂದರೆ ಯಾರೋ ನೆನೆಸಿಕೊಳ್ಳುತ್ತಿದ್ದಾರೆ ಎಂದು ಖುಷಿಪಡುತ್ತಾರಂತೆ. ನಮ್ಮ ಊರಿನವರಿಗೆ ಆ ಸುಖವಿಲ್ಲ. ಇಲ್ಲಿ ಕಣ್ಣಾರೆ ಕಾಣದ ಸಂಗತಿಯನ್ನು ಕಂಡವರ ಹಾಗೆ ಹೇಳಿದರೆ ಬಿಕ್ಕಳಿಕೆ ಬರುತ್ತದೆ. ದೊಡ್ಡವರು ಚಿಕ್ಕವರು ಎಂದಿಲ್ಲ, ಎಲ್ಲರಿಗೂ ಬರುತ್ತದೆ. ಹೊರಗಿನಿಂದ ಮದುವೆಯಾಗಿ ಬಂದ ಸೊಸೆಯಂದಿರು ಮೊದಮೊದಲು ನೀರು ಕುಡಿಯುತ್ತಾರೆ, ಉಸಿರು ಹಿಡಿಯುತ್ತಾರೆ, ಆಮೇಲೆ ಮಾತು ಕಡಿಮೆ ಮಾಡುತ್ತಾರೆ. ಅತ್ತೆಯಂದಿರು ಮಾತ್ರ ಎಷ್ಟು ವರ್ಷವಾದರೂ ಮಾತು ಕಡಿಮೆ ಮಾಡದೆ ಬಿಕ್ಕಳಿಸಿಕೊಂಡೇ ಕಾಲ ಹಾಕುತ್ತಾರೆ.

ಹೀಗಿರುವುದರಿಂದ ನಾವು ಮಾತನಾಡುವ ರೀತಿಯೇ ಬೇರೆ. ‘ಹುಡುಗ ಒಳ್ಳೆಯವನು’ ಎಂದು ಯಾವ ಮದುವೆ ದಲ್ಲಾಳಿಯೂ ನಮ್ಮಲ್ಲಿ ಹೇಳಲಾರ. ‘ಹುಡುಗ ಉಂಡ ತಟ್ಟೆ ತಾನೇ ಎತ್ತಿಟ್ಟಿದ್ದು ನೋಡಿದೆ’ ಎನ್ನುತ್ತಾನೆ, ಹೆಣ್ಣಿನ ಕಡೆಯವರಿಗೆ ಅಷ್ಟು ಸಾಕಾಗುತ್ತದೆ. ಶೇಷಾದ್ರಿ ಮೇಷ್ಟ್ರು ಭೂಗೋಳವನ್ನೆಲ್ಲ ಪ್ರಶ್ನೆಗಳಲ್ಲೇ ಪಾಠ ಮಾಡುತ್ತಿದ್ದರು. ‘ಭೂಮಿ ಗುಂಡಗಿದೆಯೇ? ಸೂರ್ಯನ ಸುತ್ತ ತಿರುಗುತ್ತಿದೆಯೇ? ತಿರುಗಿದರೆ ನಮಗೆ ಯಾಕೆ ತಲೆಸುತ್ತು ಬರುವುದಿಲ್ಲ?’ ಕೊನೆಯದು ಪಾಠದ ಪ್ರಶ್ನೆಯೋ ಅವರದೇ ಅನುಮಾನವೋ ನಮಗೆ ತಿಳಿಯುತ್ತಿರಲಿಲ್ಲ. ಕಾಫಿ ಹೋಟೆಲಿನಲ್ಲಿ ಪೇಪರ್ ಓದಿ ಹೇಳುವವರ ಪಕ್ಕದಲ್ಲಿ ಸದಾ ಒಂದು ಚೊಂಬು ನೀರು ಇರುತ್ತದೆ. ‘ಅಂತೆ’ ಸೇರಿಸಿಕೊಂಡರೆ ಏನು ಬೇಕಾದರೂ ಹೇಳಬಹುದು, ನಿಜ. ಆದರೆ ಅಂತೆಯ ಮಾತಿಗೆ ಚಾವಡಿಯಲ್ಲಿ ಕವಡೆ ಕಿಮ್ಮತ್ತಿಲ್ಲ. ಇನ್ನು, ‘ಇವನು ನನ್ನ ಮಗ’ ಎನ್ನುವಾಗ ಗಂಡಸರಿಗೆ ಬರುವ ಸಣ್ಣ ಬಿಕ್ಕಳಿಕೆಯನ್ನು ಯಾರೂ ಕೇಳಿಸಿಕೊಳ್ಳಬಾರದು ಎಂದು ಊರು ಯಾವತ್ತೋ ತೀರ್ಮಾನಿಸಿದೆ. ಆ ಹೊತ್ತಿಗೆ ಹತ್ತಿರದಲ್ಲಿದ್ದ ಹೆಂಗಸರು ಪಾತ್ರೆ ಸದ್ದು ಮಾಡುತ್ತಾರೆ.

ಇಂಥ ಊರಿನಲ್ಲಿ ನನ್ನನ್ನು ಬೆಳೆಸಿದವಳು ಹೊನ್ನಜ್ಜಿ, ನನ್ನ ತಾಯಿಯ ತಾಯಿ. ಬೇರೆ ಅಜ್ಜಿಯರು ‘ಒಂದೂರಲ್ಲಿ ಒಬ್ಬ ರಾಜ ಇದ್ದನಂತೆ’ ಎಂದು ಸುರಕ್ಷಿತವಾಗಿ ಕಥೆ ಶುರುಮಾಡುತ್ತಿದ್ದರು. ನಮ್ಮಜ್ಜಿ ‘ಇದ್ದ’ ಎನ್ನುತ್ತಿದ್ದಳು. ‘ದಾಳಿಂಬೆ ಹಣ್ಣೊಳಗೆ ಒಬ್ಬ ರಾಜಕುಮಾರಿ ಇದ್ಲು. ಮೂಗಿನ ಮೇಲೆ ಮಚ್ಚೆ ಇತ್ತು. ಹಣ್ಣು ಬಿಡಿಸೋವಾಗ ಚಾಕು ತಾಕಿ ಜಡೆ ತುದಿ ಕುಯ್ದುಹೋಯ್ತು, ಅತ್ತುಬಿಟ್ಲು.’ ಇಷ್ಟು ಹೇಳಿಯೂ ಒಂದು ಬಿಕ್ಕಳಿಕೆ ಇಲ್ಲ. ಹೀಗಿರುವಾಗ ನಾನೇನು ತಿಳಿಯಬೇಕು? ಅಜ್ಜಿ ಅವಳನ್ನು ಕಂಡಿದ್ದಾಳೆ ಎಂದೇ ತಿಳಿದೆ. ಶಾಲೆಯಲ್ಲಿ ಜಗಳಕ್ಕೆ ನಿಂತೆ. ಮೇಷ್ಟ್ರು ಅಜ್ಜಿಯನ್ನು ಕರೆಸಿದರು. ಅವಳು ಬೇವಿನ ಕಟ್ಟೆಯ ಮೇಲೆ ಕೂತು ಎಲೆಯಡಿಕೆ ಮೆಲ್ಲುತ್ತ ಕಥೆಯನ್ನು ಮೊದಲಿಂದ ಕೊನೆಯವರೆಗೆ ಹೇಳಿದಳು. ಮೇಷ್ಟ್ರು ಅವಳ ಗಂಟಲನ್ನೇ ನೋಡುತ್ತಿದ್ದರು. ಏನೂ ಬರಲಿಲ್ಲ. ಪ್ರಾಮಾಣಿಕ ಮನುಷ್ಯ, ಮರುದಿನ ತರಗತಿಯಲ್ಲಿ, ‘ದಾಳಿಂಬೆಯೊಳಗೆ ರಾಜಕುಮಾರಿಯರು ಇರುತ್ತಾರೆಯೇ?’ ಎಂದು ಹೊಸ ಪ್ರಶ್ನೆಯೊಂದನ್ನು ಬರೆಸಿದರು. ನಮ್ಮೂರಿನಲ್ಲಿ ಈಗಲೂ ದಾಳಿಂಬೆಯನ್ನು ಮೆಲ್ಲಗೆ, ಕೈಯಲ್ಲೇ ಬಿಡಿಸುತ್ತಾರೆ.

ನನಗೂ ಬಿಕ್ಕಳಿಕೆ ಬರುತ್ತಿರಲಿಲ್ಲ. ಬೆಲ್ಲ ಯಾರು ತಿಂದರು ಎಂದು ಅಮ್ಮ ಕೇಳಿದರೆ, ಒಂದು ಇರುವೆ ತನ್ನ ಬಳಗವನ್ನೆಲ್ಲ ಕರೆತಂದು ಹೊತ್ತುಕೊಂಡು ಹೋದದ್ದನ್ನು ಆ ಇರುವೆಯ ಗತ್ತಿನ ಸಮೇತ ವರ್ಣಿಸುತ್ತಿದ್ದೆ. ಗಂಟಲು ಕಮಕ್ ಕಿಮಕ್ ಎನ್ನುತ್ತಿರಲಿಲ್ಲ. ಅಮ್ಮ ಡಬ್ಬಿಯ ಸುತ್ತ ಅರಿಸಿನ ಹಾಕುತ್ತಿದ್ದಳು. ‘ಈ ಹುಡುಗಿ ಕಣ್ಣಿಗೆ ಏನೂ ತಪ್ಪಲ್ಲ’ ಎಂಬ ಮಾತು ಓಣಿಯಿಂದ ಓಣಿಗೆ ಹೋಯಿತು. ಬೆಳೆದ ಮೇಲೆ ಚಾವಡಿಯಲ್ಲಿ ನನಗೆಂದೇ ಕಂಬದ ಪಕ್ಕ ಒಂದು ಚಾಪೆ ಹಾಸುವಷ್ಟಾಯಿತು. ಯಾವ ತಕರಾರು ಬಂದರೂ, ‘ಕುಮುದ ಏನಾದ್ರೂ ನೋಡಿದಾಳಾ, ಕೇಳಿ’ ಎನ್ನುವರು. ಕುಮುದ ನೋಡಿರುತ್ತಿದ್ದಳು. ನೋಡದೆ ಇದ್ದದ್ದು ಯಾವಾಗ? ಮಜ್ಜಿಗೆ ಕುಡಿದು, ಜಡೆ ಮುಂದಕ್ಕೆ ಹಾಕಿಕೊಂಡು ಕಂಡದ್ದನ್ನು ಕಂಡ ಹಾಗೆ ಹೇಳುತ್ತಿದ್ದೆ. ಸೂಜಿಗೆ ದಾರ ಪೋಣಿಸಲು ಪಕ್ಕದ ಮನೆಯವರನ್ನು ಕರೆಯುತ್ತಿದ್ದವಳು, ಅಂಗಡಿ ಮುಂದೆ ಕೂರಿಸಿದ ಗೋಣಿಚೀಲಕ್ಕೆ ಸೋದರತ್ತೆ ಎಂದುಕೊಂಡು ನಮಸ್ಕಾರ ಮಾಡಿದವಳು ನಾನೇ. ಆದರೂ ನನ್ನ ಕಣ್ಣು ಹದ್ದಿನ ಕಣ್ಣೆಂದು ಊರಿಗಿಂತ ಮೊದಲು ನಾನು ನಂಬಿದ್ದೆ.

ಆ ವರ್ಷ ದೀಪಾವಳಿಗೆ ಮುಂಚೆ ಕುಂಬಾರ ಓಣಿಯಲ್ಲಿ ಹಣತೆಗಳು ಕರಗಿಹೋದವು. ಅಂಗಳದ ತುಂಬ ಒಣಗಲು ಇಟ್ಟ ಹಸಿ ಹಣತೆಗಳು. ಓಣಿಯ ಕೊನೆಯ ನಲ್ಲಿಗೆ ತಿರುಪೇ ಇಲ್ಲ, ಮೇಲಿನ ದಿಬ್ಬದ ಟ್ಯಾಂಕಿನಲ್ಲಿ ವಾಲ್ವಿನ ಚಕ್ರ ಪೂರ್ತಿ ಮುಚ್ಚಿದರೆ ಮಾತ್ರ ಅದು ನಿಲ್ಲುತ್ತದೆ. ಅವತ್ತು ಚಕ್ರ ಪೂರ್ತಿ ಮುಚ್ಚಿರಲಿಲ್ಲ. ಊರಿಗೆ ಊರೇ ಒಂದು ಮದುವೆಗೆ ಹೋಗಿತ್ತು. ಹೋಳಿಗೆ ಉಂಡು ಬಂದ ಕುಂಬಾರರು ನೋಡಿದರೆ ಹಣತೆಗಳಿದ್ದಲ್ಲಿ ಕೆಸರು, ಕೆಸರಿನಲ್ಲಿ ಕೋಳಿ ಹೆಜ್ಜೆ.

ಚಕ್ರದ ಕೆಲಸ ನಿಂಗಾಜಮ್ಮನದು. ಬೆಳಿಗ್ಗೆ ನೀರು ಬಿಡುವುದು, ಅಕ್ಕಿ ಮಿಲ್ಲಿನ ಹೊಗೆಗೂಡಿನ ಮೇಲೆ ಬಿಸಿಲು ಬಿದ್ದ ಮೇಲೆ ನಿಲ್ಲಿಸುವುದು. ಗಂಡ ಹೋದಮೇಲೆ ಆ ಕೆಲಸವೂ ಟ್ಯಾಂಕಿನ ಕೆಳಗಿನ ಪಂಪಿನ ಕೋಣೆಯೂ ಅವಳಿಗೆ ಬಂದಿದ್ದವು. ಆ ಕೋಣೆ ಬಿಟ್ಟರೆ ಅವಳಿಗೆ ಇನ್ನೊಂದು ಸೂರಿಲ್ಲ. ಚಾವಡಿಯಲ್ಲಿ ಯಜಮಾನರಾದ ಹಾಲಪ್ಪನವರು ಅವಳನ್ನು ನಿಲ್ಲಿಸಿ ಕೇಳಿದರು.

‘ಅವತ್ತು ಚಕ್ರ ಮುಚ್ಚಿದ್ಯೇನಮ್ಮ?’

‘ಮುಚ್ಚಿದೆ ಸ್ವಾಮಿ’ ಎಂದಳು, ಬಿಕ್ಕಳಿಸಿದಳು.

ಚಾವಡಿಯಲ್ಲಿ ಗುಜುಗುಜು ಎದ್ದಿತು. ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡು ಮತ್ತೆ ಹೇಳಿದಳು. ಮತ್ತೆ ಬಿಕ್ಕಳಿಕೆ.

‘ದಿನಾ ಮುಚ್ತೀನಿ. ಕೈ ಹೋಗತ್ತೆ, ತಿರುಗಿಸತ್ತೆ, ಬರತ್ತೆ. ದಿನಾ ಮಾಡೋ ಕೆಲಸಾನ ಯಾರು ನೋಡ್ಕೊಂಡು ಮಾಡ್ತಾರೆ ಹೇಳಿ. ನಿನ್ನೆ ಅನ್ನಕ್ಕೆ ಉಪ್ಪು ಹಾಕಿದ್ದು ನಿಮ್ಮ ಮನೆಯೋರಿಗೆ ನೆನಪಿರತ್ತಾ?’

‘ನಮ್ಮನೇಲಿ ಎರಡು ಸಲ ಹಾಕ್ತಾಳೆ, ಅದು ಬೇರೆ ವಿಷಯ’ ಎಂದರು ಹಾಲಪ್ಪನವರು. ಯಾರೂ ನಗಲಿಲ್ಲ. ಕುಂಬಾರರ ಚೆನ್ನಿಗಪ್ಪ ಮುಂದೆ ಬಂದು ಒಂದು ಮುದ್ದೆ ಕೆಸರನ್ನು ಕಂಬದ ಬುಡದಲ್ಲಿ ಇಟ್ಟ. ‘ಇದೇ ನಮ್ಮ ಹಬ್ಬ ಈ ಸಲ’ ಎಂದ. ಅವನಿಗೆ ಬಿಕ್ಕಳಿಕೆ ಬರಲಿಲ್ಲ.

ಆಗ ಎಲ್ಲರ ಮುಖ ನನ್ನ ಚಾಪೆಯ ಕಡೆ ತಿರುಗಿತು. ಅವತ್ತು ತಲೆಗೆ ನೀರು ಹಾಕಿಕೊಂಡಿದ್ದರಿಂದ ನಾನೊಬ್ಬಳು ಮದುವೆಗೆ ತಡವಾಗಿ ಹೋಗಿದ್ದೆ. ಮಾಳಿಗೆಯ ಮೇಲೆ ಕೂದಲು ಒಣಗಿಸುತ್ತಿದ್ದೆ.

‘ಮಾಳಿಗೆ ಮೇಲಿದ್ಯಂತಲ್ಲ ಮಗಳೇ. ಏನಾದ್ರೂ ಕಾಣಿಸ್ತಾ?’ ಎಂದರು ಹಾಲಪ್ಪನವರು.

ಕಾಣಿಸಿತು. ಕೇಳಿದ ಕೂಡಲೇ ಕಾಣಿಸಿತು. ‘ಹಸಿರು ಸೀರೆ, ಅರಿಸಿನ ಅಂಚು’ ಎಂದೆ. ‘ಸೊಂಟದಲ್ಲಿ ಬೀಗದ ಕೈ ಗೊಂಚಲು. ಚಕ್ರಾನ ಅರ್ಧ ತಿರುಗಿಸಿದ್ಲು. ಅಷ್ಟೊತ್ತಿಗೆ ಒಂದು ಮೈನಾ ಬಂದು ಕೂತ್ಕೊಳ್ತು. ಅದನ್ನೇ ನೋಡ್ತಾ ನಿಂತ್ಲು. ಅದು ಹಾರಿದ ಕಡೆ ಹೊರಟುಹೋದ್ಲು. ಚಕ್ರ ಅರ್ಧಕ್ಕೇ ಇತ್ತು.’

ಇಡೀ ಚಾವಡಿ ನನ್ನ ಗಂಟಲಿಗಾಗಿ ಕಾಯಿತು. ನಾನು ಮಜ್ಜಿಗೆ ಕುಡಿದೆ. ಎಷ್ಟು ಚೆನ್ನಾಗಿ ಹೇಳಿದೆ ಎಂದು ನನಗೇ ಅನ್ನಿಸಿತು. ಆ ಮೈನಾ ವಿಶೇಷವಾಗಿ ಚೆನ್ನಾಗಿ ಬಂದಿತ್ತು.

ಹಬ್ಬಕ್ಕೆ ಮೊದಲೇ ನಿಂಗಾಜಮ್ಮ ಬೀಗದ ಕೈ ಒಪ್ಪಿಸಬೇಕು, ಪಂಪಿನ ಕೋಣೆ ಬಿಡಬೇಕು ಎಂದಾಯಿತು. ಅವಳು ಜಗಳವಾಡಲಿಲ್ಲ, ಅಳಲೂ ಇಲ್ಲ. ನನ್ನ ಹತ್ತಿರ ಬಂದು ಹುಬ್ಬು ಗಂಟಿಕ್ಕಿಕೊಂಡು ಕೇಳಿದಳು:

‘ಮೈನಾನಾ ಮಗಾ? ದೊಡ್ಡದಾ ಚಿಕ್ಕದಾ?’

‘ದೊಡ್ಡದು ಅಕ್ಕ. ಕಣ್ಣಿನ ಸುತ್ತ ಹಳದಿ ಇತ್ತು.’

‘ಹಳದಿ’ ಎಂದಳು. ದಿಬ್ಬದ ಕಡೆ ತಿರುಗಿ ನೋಡಿ, ‘ಇದ್ರೂ ಇರಬಹುದು’ ಎಂದು ಹೊರಟುಹೋದಳು.

ಮನೆಗೆ ಬಂದು ಅಜ್ಜಿಗೆ ಎಲ್ಲ ವರದಿ ಒಪ್ಪಿಸಿದೆ. ಹೊಗಳಿಸಿಕೊಳ್ಳುವ ಆಸೆ. ಅವಳು ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿದಳು.

‘ಸೀರೆ ಯಾವ ಬಣ್ಣ ಅಂದೆ?’

‘ಹಸಿರು. ಅರಿಸಿನ ಅಂಚು.’

‘ಅದು ಕೆರೆ ಕಾಯೋ ಚಂದವ್ವನ ಸೀರೆ ಅಲ್ವೇನೇ ಕುಮುದಿ? ಹಕ್ಕಿ ನೋಡ್ತಾ ನಿಂತು ತೂಬು ಮುಚ್ಚೋದು ಮರೆತು ಏಳು ಹಳ್ಳಿ ಮುಳುಗಿಸಿದ್ಲಲ್ಲ, ಅವಳದು. ನಿನಗೆ ಜ್ವರ ಬಂದಾಗೆಲ್ಲ ಆ ಕಥೇನೇ ಕೇಳ್ತಿದ್ದೆ.’

ನಾನು ಮಾಳಿಗೆಗೆ ಓಡಿದೆ. ಕೂದಲು ಒಣಗಿಸಿದ ಜಾಗದಲ್ಲೇ ನಿಂತು ದಿಬ್ಬದ ಕಡೆ ನೋಡಿದೆ. ಎದುರಿಗೆ ಅಕ್ಕಿ ಮಿಲ್ಲಿನ ಗೋಡೆ. ತುದಿಗಾಲಲ್ಲಿ ನಿಂತೆ, ಮಿಲ್ಲಿನ ಗೋಡೆ. ನೀರಿನ ಡ್ರಮ್ಮಿನ ಮೇಲೆ ಹತ್ತಿದೆ, ಮಿಲ್ಲಿನ ತಗಡು. ಹುಟ್ಟಿದಾಗಿನಿಂದ ಆ ಮಾಳಿಗೆಯ ಮೇಲೆ ಹಪ್ಪಳ ಕಾದಿದ್ದೇನೆ. ಅಲ್ಲಿಂದ ಟ್ಯಾಂಕು ಕಾಣುವುದಿಲ್ಲ ಎನ್ನುವುದು ನನಗೆ ತಿಳಿದದ್ದು ಅವತ್ತು, ಡ್ರಮ್ಮಿನಿಂದ ಜಾರಿ ಮೊಣಕಾಲು ತರಚಿಕೊಂಡ ಮೇಲೆ.

ಕೆಳಗಿಳಿದು ಬಂದು ಅಜ್ಜಿಯ ಎದುರು ಕೂತೆ. ‘ಅಜ್ಜಿ, ದಾಳಿಂಬೆ ರಾಜಕುಮಾರೀನ ನೀನು ನೋಡಿದ್ಯಾ?’

‘ಎಲ್ಲಿಂದ ನೋಡ್ಲಿ? ನಾನು ಹುಟ್ಟಿದ್ಮೇಲೆ ಈ ಊರು ಬಿಟ್ಟು ಹೋಗಿದ್ದು ಒಂದೇ ಸಲ, ಹಲ್ಲು ಕೀಳಿಸೋಕೆ.’

‘ಮತ್ತೆ ಬಿಕ್ಕಳಿಕೆ ಯಾಕೆ ಬರಲ್ಲ?’

‘ಹೇಳುವಾಗ ಕಾಣತ್ತಲ್ಲ.’ ಅವಳು ಇಷ್ಟೂ ಗೊತ್ತಿಲ್ಲವೇ ಎನ್ನುವ ಹಾಗೆ ನನ್ನನ್ನು ನೋಡಿದಳು. ‘ಬಿಕ್ಕಳಿಕೆಗೆ ಪಾಪ ಏನು ಗೊತ್ತು? ಕಂಡಿದ್ದೋ ಇಲ್ವೋ ಅನ್ನೋದಷ್ಟೇ ಗೊತ್ತು. ಎಲ್ಲಿ ಕಂಡಿದ್ದು ಅಂತ ಅದು ಕೇಳಲ್ಲ.’

ನನ್ನ ಹದ್ದಿನ ಕಣ್ಣು ಇಷ್ಟು ಸಲೀಸಾಗಿ ಕುರುಡಾಗುತ್ತದೆಂದು ನಾನು ಎಣಿಸಿರಲಿಲ್ಲ. ಇಷ್ಟು ವರ್ಷ ಚಾವಡಿಯಲ್ಲಿ ಯಾರ ಯಾರ ಎಮ್ಮೆ ಯಾರ ಯಾರ ಬೇಲಿ ಮುರಿದದ್ದನ್ನು ‘ನೋಡಿದ್ದೆ’ ಎಂದು ನೆನೆಸಿಕೊಳ್ಳಲು ಹೊರಟು, ಬೇಗ ಬಿಟ್ಟುಬಿಟ್ಟೆ. ಮೊದಲು ನಿಂಗಾಜಮ್ಮನ ಹತ್ತಿರ ಹೋಗಬೇಕಾಗಿತ್ತು.

ಅವಳು ಪಂಪಿನ ಕೋಣೆಯಲ್ಲಿ ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬುತ್ತಿದ್ದಳು. ನಾನು ಬಾಗಿಲಲ್ಲೇ ನಿಂತು, ಮಾಳಿಗೆಯಿಂದ ಏನೂ ಕಾಣುವುದಿಲ್ಲ, ನಾನು ಹೇಳಿದ್ದೆಲ್ಲ ಅಜ್ಜಿಯ ಕಥೆ ಎಂದು ಒಂದೇ ಉಸಿರಿನಲ್ಲಿ ಒದರಿದೆ. ಅವಳು ತಟ್ಟೆಯೊಂದನ್ನು ಒರೆಸಿ ಒಳಗಿಟ್ಟಳು.

‘ಇಲ್ಲ ಮಗಾ. ನೀನು ಹೇಳಿದ್ಮೇಲೆ ನಂಗೂ ನೆನಪಾಯ್ತು. ಮೈನಾ ಬಂತು. ಚಕ್ರದ ಆಚೆ ತುದೀಲಿ ಕೂತ್ಕೊಳ್ತು. ಕಣ್ಣಿನ ಸುತ್ತ ಹಳದಿ. ಅದನ್ನ ನೋಡ್ತಾ ನಾನೇ ಮರೆತೆ.’

ನಾನು ಅವಳ ಗಂಟಲನ್ನೇ ನೋಡಿದೆ. ಬಿಕ್ಕಳಿಕೆ ಬರಲಿಲ್ಲ.

‘ಅಕ್ಕ, ನಿಮ್ಮ ಹತ್ರ ಹಸಿರು ಸೀರೆ ಇದೆಯಾ?’

‘ಇಲ್ಲ.’ ಕೈ ಒಂದು ಕ್ಷಣ ನಿಂತಿತು. ‘ಯಾರದ್ದಾದ್ರೂ ಉಟ್ಕೊಂಡಿದ್ದೆನೋ ಏನೋ.’

ಮರುದಿನ ಬೆಳಿಗ್ಗೆ ಚಾವಡಿ ಸೇರಿಸಬೇಕೆಂದು ಹಾಲಪ್ಪನವರನ್ನು ಕಾಡಿಬೇಡಿದೆ. ಎಲ್ಲರೂ ಬಂದರು. ಸಾಕ್ಷಿಯೇ ಚಾವಡಿ ಕರೆದದ್ದು ಅದೇ ಮೊದಲು. ಅದರ ಮೇಲೆ ಕುಂಟುತ್ತಿದ್ದೆ ಬೇರೆ. ನಾನು ಚಾಪೆಯ ಮೇಲೆ ಕೂರದೆ ನಿಂತೇ ಹೇಳಿದೆ: ‘ನಿಂಗಾಜಕ್ಕ ಚಕ್ರ ಅರ್ಧಕ್ಕೆ ಬಿಟ್ಟಿದ್ದನ್ನ ನಾನು ನೋಡ್ಲಿಲ್ಲ.’

ಮನಸ್ಸಿನಲ್ಲಿ ಕಂಡದ್ದನ್ನು ಕಾಣಲಿಲ್ಲ ಎಂದದ್ದಕ್ಕೆ, ನನ್ನ ಜೀವಮಾನದ ಮೊದಲ ಬಿಕ್ಕಳಿಕೆ ಬಂತು. ಎಂಥ ಬಿಕ್ಕಳಿಕೆ ಅಂದರೆ, ಬೆಲ್ಲದ ದಿನಗಳಿಂದ ಬಾಕಿ ಉಳಿದದ್ದೆಲ್ಲ ಒಟ್ಟಿಗೆ ಬಂದ ಹಾಗೆ. ಕಿವಿಯ ಜುಮುಕಿ ಅಲ್ಲಾಡಿತು. ಹೊಸಬಳಾದ್ದರಿಂದ ಅದನ್ನು ಹೇಗೆ ಮುಚ್ಚಿಡಬೇಕೆಂದೂ ನನಗೆ ತಿಳಿಯದು.

‘ನೋಡಿದ್ರಾ?’ ಎಂದರು ಹಾಲಪ್ಪನವರು, ಕಣ್ಣು ತೇವ ಮಾಡಿಕೊಂಡು. ‘ಕನಿಕರಕ್ಕೆ ಸುಳ್ಳು ಹೇಳ್ತಿದೆ ಕೂಸು. ಒಳ್ಳೆ ಮನಸ್ಸು.’ ಹೆಂಗಸರು ದೃಷ್ಟಿ ತಾಗದಿರಲೆಂದು ನನ್ನ ಕಡೆ ಲಟಿಕೆ ಮುರಿದರು. ಸತ್ಯ ಹೇಳಿ ಸುಳ್ಳುಗಾರ್ತಿ ಅನ್ನಿಸಿಕೊಂಡು, ಅದಕ್ಕೂ ಮೆಚ್ಚುಗೆ ಪಡೆದವಳು ನಾನೊಬ್ಬಳೇ ಇರಬೇಕು.

‘ನಮ್ಮ ಮಾಳಿಗೆಯಿಂದ ಟ್ಯಾಂಕು ಕಾಣಲ್ಲ’ ಎಂದೆ. ಇದಕ್ಕೆ ಬಿಕ್ಕಳಿಕೆ ಬರಲಿಲ್ಲ.

‘ಹಾಗಾದ್ರೆ ಬೇರೆ ಎಲ್ಲಿಂದಲೋ ನೋಡಿರ್ತೀಯ’ ಎಂದ ಚೆನ್ನಿಗಪ್ಪ. ‘ನೋಡಿದ್ದಂತೂ ಹೌದಲ್ಲ.’

‘ಬಿಡು ಮಗಾ’ ಎಂದಳು ನಿಂಗಾಜಮ್ಮ ಹಿಂದಿನಿಂದ. ‘ಮೈನಾ ಬಂದಿದ್ದು ನಂಗೂ ನೆನಪಿದೆ ಅಂದೆನಲ್ಲ.’

ಅವಳ ಗೋಣಿಚೀಲ ಆಗಲೇ ಚಾವಡಿಯ ಮೆಟ್ಟಿಲ ಮೇಲಿತ್ತು. ಅದರ ಬಾಯಿಂದ ಒಂದು ಸೌಟಿನ ಹಿಡಿ ಇಣುಕುತ್ತಿತ್ತು. ನಾನು ಕಣ್ಣು ಮುಚ್ಚಿಕೊಂಡೆ. ಇನ್ನೇನು ಮಾಡಲಿ, ನನಗೆ ಬರುವ ವಿದ್ಯೆ ಅದೊಂದೇ.

‘ಚಕ್ರ ಬಿಟ್ಟಿದ್ದು ಹಾಲಪ್ಪನವರು’ ಎಂದೆ. ‘ಮದುವೆ ದಿನ. ಚೌಕಳಿ ಟವೆಲ್ ಹೆಗಲ ಮೇಲೆ. ದಿಬ್ಬ ಹತ್ತೋವಾಗ ಎಡಗಾಲಿನ ಚಪ್ಪಲಿ ಕಿತ್ತೋಯ್ತು, ಕೈಲಿ ಹಿಡ್ಕೊಂಡ್ರು. ಚಕ್ರ ಬಿಚ್ಚಿ ನೀರು ಬರೋ ಸದ್ದು ಕೇಳ್ತಾ ನಿಂತ್ರು. ಮೈನಾ ಅವರ ತಲೆ ಮೇಲೆ ಕೂತಿತ್ತು.’

ಬಿಕ್ಕಳಿಕೆ ಇಲ್ಲ. ಚಾವಡಿಯಲ್ಲಿ ಯಾರೋ ಎಲೆಯಡಿಕೆ ನುಂಗಿದ ಸದ್ದಾಯಿತು.

‘ಏನೇ ಹುಡುಗಿ, ಅವತ್ತು ನಾನು ಮದುವೆ ಮನೇಲಿ ಊಟಕ್ಕೆ ಬಡಿಸ್ತಿದ್ದೆ’ ಎಂದರು ಹಾಲಪ್ಪನವರು. ಅವರಿಗೂ ಬಿಕ್ಕಳಿಕೆ ಇಲ್ಲ. ‘ನಂಗೆ ಹೋಳಿಗೆ ಬಡಿಸಿದ್ರು’, ‘ನಂಗೆ ತುಪ್ಪ ಹಾಕ್ಲೇ ಇಲ್ಲ’ ಎಂದು ನಾಲ್ಕೂ ಕಡೆಯಿಂದ ದನಿಗಳು ಬಂದವು. ಒಂದರಲ್ಲೂ ಬಿಕ್ಕಳಿಕೆ ಇಲ್ಲ.

ನಾನು ನಿಲ್ಲಿಸಲಿಲ್ಲ. ಚಕ್ರ ಬಿಟ್ಟದ್ದು ಚೆನ್ನಿಗಪ್ಪ, ಅವನ ಕೈಯ ಮಣ್ಣು ಚಕ್ರಕ್ಕೆ ಅಂಟಿತ್ತು. ಅಲ್ಲ, ಶೇಷಾದ್ರಿ ಮೇಷ್ಟ್ರು, ಭೂಮಿ ತಿರುಗುತ್ತದೆಯೇ ಎಂದು ಪರೀಕ್ಷೆ ಮಾಡಲು ಚಕ್ರ ತಿರುಗಿಸಿ ನೋಡಿದರು. ಅಲ್ಲ, ದಾಳಿಂಬೆಯ ರಾಜಕುಮಾರಿ ತುಂಡಾದ ಜಡೆ ಹಾಕಿಕೊಂಡು ದಿಬ್ಬ ಹತ್ತಿದಳು, ಅವಳಿಗೆ ಬಾಯಾರಿತ್ತು. ಎಲ್ಲ ಕಂಡಿತು. ಗಂಟಲು ಬಾವಿಯ ನೀರಿನಂತೆ ನಿಶ್ಚಲವಾಗಿತ್ತು. ಮುಗಿಸಿ ಕಣ್ಣು ಬಿಟ್ಟಾಗ ಚೆನ್ನಿಗಪ್ಪ ತನ್ನ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದ.

ಕೊನೆಗೆ ಮೇಷ್ಟ್ರೇ ಎದ್ದು ನಿಂತರು. ‘ಹಾಗಾದರೆ ನಮಗೆ ಏನು ಗೊತ್ತು?’ ಎಂದರು. ನಾವೆಲ್ಲ ಅಭ್ಯಾಸಬಲದಿಂದ ಇದೂ ಪಾಠ ಎಂದುಕೊಂಡು ಕಾದೆವು. ಆದರೆ ಅವರು ಕೂತುಬಿಟ್ಟರು.

ಹಾಲಪ್ಪನವರು ಗೋಣಿಚೀಲದ ಕಡೆ ಕೈ ತೋರಿಸಿ, ‘ಅದನ್ನ ಒಳಗಿಟ್ಕೊಳಮ್ಮ’ ಎಂದರು ನಿಂಗಾಜಮ್ಮನಿಗೆ. ನನ್ನ ಕಡೆ ತಿರುಗಿ ಏನೋ ಹೇಳಲು ಹೋಗಿ, ನನ್ನ ಚಾಪೆಯನ್ನು ತಾವೇ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ನಡೆದರು. ಮಜ್ಜಿಗೆಯೂ ಅವತ್ತಿಗೇ ನಿಂತಿತು. ತಪ್ಪು ಯಾರದೆಂದು ಗೊತ್ತಾಗಲಿಲ್ಲ, ಚೆನ್ನಿಗಪ್ಪನ ಅಂಗಳ ಮಾತ್ರ ಖಾಲಿಯಿತ್ತು. ಹಾಗಾಗಿ ಊರವರೆಲ್ಲ ಹೋಗಿ ಮಣ್ಣು ತುಳಿದರು. ನಾನೂ ಹಣತೆ ಮಾಡಿದೆ. ಹಬ್ಬದ ದಿನ ನನ್ನ ಹಣತೆಗಳಲ್ಲಿ ಎಣ್ಣೆ ನಿಲ್ಲದೆ ಸೋರಿತು. ಚೆನ್ನಿಗಪ್ಪ ಅವನ್ನು ಎತ್ತಿ ನೋಡಿ, ‘ಇವು ನಿಂಗೆ ಕಾಣೋವಾಗ ಚೆನ್ನಾಗೇ ಇದ್ವೇನೋ’ ಎಂದ.

ಈಗ ನಮ್ಮೂರಿನಲ್ಲಿ ಬಿಕ್ಕಳಿಕೆ ಬರದಿದ್ದರೆ ಸಾಲದು. ‘ಎಲ್ಲಿ ನಿಂತು ನೋಡಿದೆ?’ ಎಂದು ಕೇಳುತ್ತಾರೆ. ಆ ಜಾಗಕ್ಕೆ ಕರೆದುಕೊಂಡು ಹೋಗಿ ಅಲ್ಲಿಂದ ಕಾಣುತ್ತದೆಯೇ ಎಂದು ತಾವೂ ಇಣುಕುತ್ತಾರೆ. ಒಂದು ಹೊಲದ ಜಗಳ ಬಗೆಹರಿಸಬೇಕಾದರೆ ಹತ್ತು ಜನ ಹುಣಿಸೆಮರ ಹತ್ತಬೇಕು. ಎಲ್ಲರಿಗೂ ಕಾಲುನೋವು, ಎಲ್ಲರೂ ನನ್ನನ್ನೇ ಬೈಯುತ್ತಾರೆ.

ನಿಂಗಾಜಮ್ಮ ಅದೇ ಕೋಣೆಯಲ್ಲಿದ್ದಾಳೆ. ಆದರೆ ಅವಳಿಗೆ ಆ ಮೈನಾ ಬಿಟ್ಟಿಲ್ಲ. ಎದುರಾದಾಗಲೆಲ್ಲ, ‘ಇವತ್ತೂ ಬರ್ಲಿಲ್ಲ ಮಗಾ’ ಎನ್ನುತ್ತಾಳೆ, ಅದನ್ನು ಕಳಿಸಬೇಕಾದವಳು ನಾನೇ ಎನ್ನುವ ಹಾಗೆ. ಮೊನ್ನೆ ಬೆಳಿಗ್ಗೆ ನೀರು ನಿಲ್ಲಿಸುವ ಹೊತ್ತಿನಲ್ಲಿ ದಿಬ್ಬದ ಮೇಲಿಂದ ನನ್ನನ್ನು ಕೈಬೀಸಿ ಕರೆದಳು. ಉಟ್ಟಿದ್ದದ್ದು ಮಾಸಿದ ನೀಲಿ ಸೀರೆ. ಈಗ ನಾನು ಇಂಥದ್ದನ್ನೆಲ್ಲ ಎರಡು ಸಲ ನೋಡಿಕೊಳ್ಳುತ್ತೇನೆ. ನಾನು ಏದುಸಿರು ಬಿಡುತ್ತ ಹತ್ತಿದೆ. ಚಕ್ರದ ಆಚೆ ತುದಿಯಲ್ಲಿ ಒಂದು ಮೈನಾ ಕೂತಿತ್ತು. ನನ್ನದಕ್ಕಿಂತ ಚಿಕ್ಕದು, ಕತ್ತಿನ ಪುಕ್ಕ ಉದುರಿ ಬೋಳಾಗಿತ್ತು. ಕಣ್ಣಿನ ಸುತ್ತ ಹಳದಿಯೇನೋ ಇತ್ತು.

‘ಅವತ್ತಿಂದು ಇದೇ ಅಲ್ವಾ?’ ಎಂದಳು ಅವಳು ಪಿಸುದನಿಯಲ್ಲಿ.

‘ಗೊತ್ತಿಲ್ಲ ಅಕ್ಕ’ ಎಂದೆ.

ಮೈನಾ ಹಾರಿ ಮಿಲ್ಲಿನ ತಗಡಿನ ಕಡೆ ಹೋಯಿತು. ನಿಂಗಾಜಮ್ಮ ಹಣೆಗೆ ಕೈ ಅಡ್ಡ ಇಟ್ಟುಕೊಂಡು ಅದು ಮರೆಯಾಗುವ ತನಕ ನೋಡಿದಳು. ಆಮೇಲೆ ನಕ್ಕು, ಬೀಗದ ಕೈ ಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಕಾಫಿಗೆ ಬಾ ಎಂದು ಕೋಣೆಯ ಕಡೆ ಇಳಿದಳು.

ಚಕ್ರ ಅರ್ಧಕ್ಕೇ ನಿಂತಿತ್ತು.

ನಾನು ಅದನ್ನು ಎರಡೂ ಕೈಯಲ್ಲಿ ಹಿಡಿದು ಕೊನೆಯವರೆಗೂ ತಿರುಗಿಸಿದೆ. ಕೆಳಗೆ ಎಲ್ಲೋ ನೀರು ನಿಂತ ಸದ್ದಾಯಿತು. ಇದನ್ನು ನಾನು ಯಾರಿಗೂ ಹೇಳಿಲ್ಲ. ಹೇಳಿದರೆ ಬಿಕ್ಕಳಿಕೆ ಬರುವುದಿಲ್ಲ, ಅದೇ ಕಷ್ಟ.